ಗಾಡಿಯ ಆರ್‌ಸಿ ಮತ್ತು ಇನ್ಶೂರೆನ್ಸ್: ಪದೇ ಪದೇ ಕೇಳುವ ಪ್ರಶ್ನೆಗಳು

ಹೊಸ ಗಾಡಿ ತಗೊಂಡವರು, ಹಳೇ ಗಾಡಿ ಮಾರಿದವರು, ಅಪ್ಪನ ಸ್ಕೂಟರ್ ಓಡಿಸುತ್ತಿರುವವರು, ಎಲ್ಲರೂ ಕೇಳುವುದು ಹೆಚ್ಚುಕಡಿಮೆ ಇದೇ ಪ್ರಶ್ನೆಗಳನ್ನು. ಉತ್ತರಗಳು ಮೋಟಾರು ವಾಹನ ಕಾಯ್ದೆ 1988, ಅದಕ್ಕೆ 2019ರಲ್ಲಿ ಆದ ತಿದ್ದುಪಡಿ ಮತ್ತು ಕರ್ನಾಟಕದ ಪದ್ಧತಿಗೆ ತಕ್ಕಂತೆ ಇವೆ. ಓದುವಾಗ ಒಂದು ವಿಷಯ ತಲೆಯಲ್ಲಿರಲಿ. ಆರ್‌ಸಿಯಲ್ಲಿ (ಗಾಡಿಯ ನೋಂದಣಿ ಪತ್ರದಲ್ಲಿ) ಯಾರ ಹೆಸರಿದೆ, ಪಾಲಿಸಿಯಲ್ಲಿ ಯಾರ ಹೆಸರಿದೆ, ಗಾಡಿ ನಿಜವಾಗಿ ಯಾರದ್ದು? ಈ ಮೂರೂ ಒಬ್ಬರೇ ಆಗಿದ್ದರೆ ಕೆಳಗಿನ ತಾಪತ್ರಯಗಳಲ್ಲಿ ಅರ್ಧ ನಿಮಗೆ ಬರುವುದೇ ಇಲ್ಲ.

ಹೊಸ ಗಾಡಿ

ಹೊಸ ಗಾಡಿಯ ರಿಜಿಸ್ಟ್ರೇಷನ್‌ಗೆ ನಾನೇ ಆರ್‌ಟಿಓಗೆ ಹೋಗಬೇಕಾ?

ಬೇಡ. ಶೋರೂಮ್‌ನವರೇ ಸರ್ಕಾರದ ವಾಹನ್ ಪೋರ್ಟಲ್‌ನಲ್ಲಿ ಅರ್ಜಿ ಹಾಕಿ, ತೆರಿಗೆ ಕಟ್ಟಿ, ನಂಬರ್ ತರಿಸುತ್ತಾರೆ. ಅರ್ಜಿ ಎಂದರೆ ಫಾರಂ 20. ಜೊತೆಗೆ ಮಾರಾಟದ ಪತ್ರ ಫಾರಂ 21, ತಯಾರಕರು ಕೊಡುವ ಫಾರಂ 22, ಇನ್ಶೂರೆನ್ಸ್, ನಿಮ್ಮ ವಿಳಾಸದ ದಾಖಲೆ ಹೋಗುತ್ತವೆ. ನೀವು ಮಾಡಬೇಕಾದ ಕೆಲಸ ಒಂದೇ: ಸಹಿ ಹಾಕುವ ಮುಂಚೆ ಹೆಸರಿನ ಸ್ಪೆಲಿಂಗ್, ವಿಳಾಸ, ಇಂಜಿನ್ ನಂಬರ್, ಚಾಸಿಸ್ ನಂಬರ್ ನೋಡಿಕೊಳ್ಳಿ. ಮೊಬೈಲ್ ನಂಬರ್ ನಿಮ್ಮದೇ ಕೊಡಿ. ಸೇಲ್ಸ್ ಹುಡುಗ ಅವಸರದಲ್ಲಿ ತನ್ನ ನಂಬರ್ ಹಾಕಿಬಿಟ್ಟರೆ ಮುಂದೆ ಒಟಿಪಿಗಳೆಲ್ಲ ಅವನಿಗೆ ಹೋಗುತ್ತವೆ. ಗಾಡಿ ಮಾರುವ ದಿನ ಅವನನ್ನು ಎಲ್ಲಿ ಹುಡುಕುತ್ತೀರಿ?

ಟೆಂಪರರಿ ನಂಬರ್‌ನಲ್ಲೇ ಸ್ವಲ್ಪ ದಿನ ಓಡಿಸಬಹುದಾ?

ಆ ಪತ್ರದಲ್ಲಿರುವ ತಾರೀಖಿನವರೆಗೆ ಓಡಿಸಬಹುದು. ಅದು ದಾಟಿದ ಮೇಲೆ ಬೇಡವೇ ಬೇಡ. ದಂಡವಂತೂ ಇದ್ದೇ ಇದೆ, ಅದಕ್ಕಿಂತ ದೊಡ್ಡ ಪೆಟ್ಟು ಇನ್ಶೂರೆನ್ಸ್‌ನಲ್ಲಿ ಬೀಳುತ್ತದೆ. ರಾಜಸ್ಥಾನದ ಒಬ್ಬರ ಹೊಸ ಕಾರಿನ ಟೆಂಪರರಿ ರಿಜಿಸ್ಟ್ರೇಷನ್ 2011ರ ಜುಲೈನಲ್ಲಿ ಮುಗಿದಿತ್ತು. ಅದಾಗಿ ಕೆಲವೇ ದಿನಕ್ಕೆ ಅವರು ಜೋಧಪುರಕ್ಕೆ ಹೋದರು. ರಾತ್ರಿ ಗೆಸ್ಟ್‌ಹೌಸ್ ಹೊರಗೆ ನಿಲ್ಲಿಸಿದ್ದ ಕಾರು ಬೆಳಿಗ್ಗೆ ಇರಲಿಲ್ಲ. ಪಾಲಿಸಿ ಚಾಲ್ತಿಯಲ್ಲಿತ್ತು, ಪ್ರೀಮಿಯಂ ಕಟ್ಟಿಯಾಗಿತ್ತು. ಆದರೂ 2021ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಕಂಪನಿಯ ಪರವಾಗಿಯೇ ಹೇಳಿತು. ರಿಜಿಸ್ಟ್ರೇಷನ್ ಇಲ್ಲದ ಗಾಡಿ ರಸ್ತೆಗಿಳಿದದ್ದೇ ಪಾಲಿಸಿಯ ಮೂಲ ಷರತ್ತಿನ ಉಲ್ಲಂಘನೆ ಎಂಬುದು ಅದರ ನಿಲುವು. ಹಾಗಾಗಿ ಫ್ಯಾನ್ಸಿ ನಂಬರ್ ಬರಲಿ ಎಂದು ಕಾಯುವವರು ತಾರೀಖು ನೋಡಿಕೊಂಡು ಕಾಯಿರಿ.

ಶೋರೂಮ್‌ನವರು ಅವರ ಇನ್ಶೂರೆನ್ಸೇ ತಗೋಬೇಕು ಅಂತಾರೆ. ಹೌದಾ?

ಇಲ್ಲ. ಯಾವ ಕಂಪನಿಯ ಪಾಲಿಸಿ ತಗೊಳ್ಳಬೇಕು ಅನ್ನುವುದು ನಿಮ್ಮ ಇಷ್ಟ. ರಿಜಿಸ್ಟ್ರೇಷನ್‌ಗೆ ಚಾಲ್ತಿಯಲ್ಲಿರುವ ಪಾಲಿಸಿ ಬೇಕು, ಅಷ್ಟೇ. ಹೊರಗೆ ಎರಡು ಮೂರು ಕಡೆ ರೇಟು ಕೇಳಿ, ಅದೇ ಐಡಿವಿ (ಪಾಲಿಸಿಯಲ್ಲಿ ಗಾಡಿಗೆ ಕಟ್ಟಿದ ಬೆಲೆ), ಅದೇ ಆಡ್-ಆನ್ (ಹೆಚ್ಚುವರಿ ರಕ್ಷಣೆ) ಇಟ್ಟು ಹೋಲಿಸಿ ನೋಡಿ. ಆ ಕಾಗದ ಮುಂದೆ ಇಟ್ಟರೆ ಶೋರೂಮ್ ರೇಟೂ ಎಷ್ಟೋ ಸಲ ತಾನಾಗಿ ಇಳಿಯುತ್ತದೆ. ಶೋರೂಮ್ ಪಾಲಿಸಿಯಲ್ಲೂ ಒಂದು ಅನುಕೂಲ ಇದೆ. ಅವರದೇ ವರ್ಕ್‌ಶಾಪ್‌ನಲ್ಲಿ ಕ್ಯಾಶ್‌ಲೆಸ್ ಕೆಲಸ ಸಲೀಸು. ವ್ಯತ್ಯಾಸ ಸಣ್ಣದಾಗಿದ್ದರೆ ಅಲ್ಲೇ ತಗೊಳ್ಳುವುದು ತಪ್ಪೇನಲ್ಲ.

ಆನ್-ರೋಡ್ ಬೆಲೆ ಕರ್ನಾಟಕದಲ್ಲಿ ಯಾಕೆ ಇಷ್ಟು ಜಾಸ್ತಿ?

ಲೈಫ್‌ಟೈಮ್ ಟ್ಯಾಕ್ಸ್‌ನಿಂದ. ಪೆಟ್ರೋಲ್, ಡೀಸೆಲ್ ಕಾರುಗಳಿಗೆ ಬೆಲೆ ನೋಡಿ ಶೇ. 13ರಿಂದ 18ರವರೆಗೆ ತೆರಿಗೆ ಬೀಳುತ್ತದೆ. ಅದರ ಮೇಲೆ ಸೆಸ್ ಬೇರೆ. ದೇಶದಲ್ಲೇ ಜಾಸ್ತಿ ತೆರಿಗೆ ಇರುವ ರಾಜ್ಯಗಳಲ್ಲಿ ನಮ್ಮದೂ ಒಂದು. ಅದಕ್ಕೇ ಬೆಂಗಳೂರಿನ ರಸ್ತೆಗಳಲ್ಲಿ ಪಕ್ಕದ ರಾಜ್ಯದ ನಂಬರ್ ಪ್ಲೇಟುಗಳು ಅಷ್ಟೊಂದು ಕಾಣಿಸುವುದು. ಆ ಉಪಾಯ ಎಷ್ಟು ದಿನ ನಡೆಯುತ್ತದೆ ಅನ್ನುವುದು ಮುಂದೆ ಬರುತ್ತದೆ.

ಬಿಎಚ್ ನಂಬರ್ ಯಾರಿಗೆ ಸಿಗುತ್ತದೆ?

ಕೇಂದ್ರ, ರಾಜ್ಯ ಸರ್ಕಾರಿ ನೌಕರರು, ಸೇನೆಯವರು, ಸಾರ್ವಜನಿಕ ಉದ್ಯಮಗಳ ನೌಕರರು, ಮತ್ತು ನಾಲ್ಕು ಅಥವಾ ಹೆಚ್ಚು ರಾಜ್ಯಗಳಲ್ಲಿ ಕಚೇರಿ ಇರುವ ಖಾಸಗಿ ಕಂಪನಿಯವರಿಗೆ. ಇದು ರಾಜ್ಯ ಬದಲಾದರೂ ಮತ್ತೆ ರಿಜಿಸ್ಟ್ರೇಷನ್ ಬೇಡದ ನಂಬರ್, 2021ರ ಸೆಪ್ಟೆಂಬರ್ 15ರಿಂದ ಜಾರಿಯಲ್ಲಿದೆ. ತೆರಿಗೆಯನ್ನು ಎರಡೆರಡು ವರ್ಷಕ್ಕೆ ಕಟ್ಟುತ್ತಾ ಹೋಗಬೇಕು. ಪದೇ ಪದೇ ವರ್ಗವಾಗುವವರಿಗೆ ಇದು ವರ. ಹುಟ್ಟಿದೂರಲ್ಲೇ ನಿವೃತ್ತಿಯಾಗುವವರಿಗೆ ಸುಮ್ನೆ ಎರಡು ವರ್ಷಕ್ಕೊಮ್ಮೆ ತಾರೀಖು ನೆನಪಿಟ್ಟುಕೊಳ್ಳುವ ಕೆಲಸ.

ಎಲೆಕ್ಟ್ರಿಕ್ ಸ್ಕೂಟರ್‌ಗೆ ರಿಜಿಸ್ಟ್ರೇಷನ್ ಬೇಡ ಅಂತಾರಲ್ಲ?

ಎಲ್ಲದಕ್ಕೂ ಅಲ್ಲ. ಮೋಟಾರ್ 250 ವ್ಯಾಟ್‌ಗಿಂತ ಕಡಿಮೆ, ವೇಗ ಗಂಟೆಗೆ 25 ಕಿ.ಮೀ.ಗಿಂತ ಕಡಿಮೆ, ಬ್ಯಾಟರಿ ಬಿಟ್ಟು ತೂಕ 60 ಕೆ.ಜಿ. ಒಳಗೆ ಇದ್ದರೆ ಮಾತ್ರ ಬೇಡ. ಉಳಿದವಕ್ಕೆಲ್ಲ ನಂಬರ್, ಲೈಸೆನ್ಸ್, ಇನ್ಶೂರೆನ್ಸ್ ಮೂರೂ ಬೇಕು. ನಂಬರ್ ಬೇಡ ಎಂದು ಮಾರಿದ ಗಾಡಿ 40ರಲ್ಲಿ ಓಡುತ್ತಿದ್ದರೆ ಖುಷಿಪಡಬೇಡಿ. ಅಪಘಾತವಾದರೆ ಅದು ಇನ್ಶೂರೆನ್ಸ್ ಇಲ್ಲದ ಮೋಟಾರು ವಾಹನವೇ ಆಗುತ್ತದೆ.

ಎಚ್‌ಎಸ್‌ಆರ್‌ಪಿ (ಹೆಚ್ಚು ಭದ್ರತೆಯ ನಂಬರ್) ಪ್ಲೇಟ್ ಎಲ್ಲರೂ ಹಾಕಿಸಲೇಬೇಕಾ?

ಹೌದು. 2019ರ ಏಪ್ರಿಲ್ 1ರ ನಂತರದ ಗಾಡಿಗಳಿಗೆ ಶೋರೂಮ್‌ನಲ್ಲೇ ಬಂದಿರುತ್ತದೆ. ಅದಕ್ಕಿಂತ ಹಳೆಯವಕ್ಕೆ ರಾಜ್ಯ ಸರ್ಕಾರ 2023ರಲ್ಲಿ ಆದೇಶ ಮಾಡಿತು, ಆಮೇಲೆ ಗಡುವು ಮುಂದೂಡುತ್ತಲೇ ಬಂತು. ಸಾರಿಗೆ ಇಲಾಖೆಯ ಅಧಿಕೃತ ಜಾಲತಾಣದ ಮೂಲಕವೇ ಬುಕ್ ಮಾಡಿ, ನಕಲಿ ಸೈಟುಗಳು ತುಂಬಾ ಇವೆ. ಅಸಲಿ ಪ್ಲೇಟಿನಲ್ಲಿ ಎಡ ಮೇಲ್ಮೂಲೆಯಲ್ಲಿ ಅಶೋಕ ಚಕ್ರದ ಹೊಲೊಗ್ರಾಂ, ಅದರ ಕೆಳಗೆ ಲೇಸರ್‌ನಲ್ಲಿ ಕೊರೆದ ಸಂಖ್ಯೆ ಇರುತ್ತದೆ. ಅದನ್ನು ಕೂರಿಸುವುದು ಬಿಚ್ಚಲು ಬಾರದ ಲಾಕ್‌ನಿಂದ. ಸ್ಕ್ರೂ ಹಾಕಿ ಕೊಟ್ಟರೆ ಕೇಳಿ.

ಇನ್ಶೂರೆನ್ಸ್

ಥರ್ಡ್ ಪಾರ್ಟಿ ಇದ್ದರೆ ಸಾಕಲ್ವಾ?

ಕಾನೂನಿಗೆ ಸಾಕು. ನಿಮ್ಮ ಗಾಡಿಗೆ ಸಾಲದು. ಥರ್ಡ್ ಪಾರ್ಟಿ ಎಂದರೆ ನಿಮ್ಮ ಗಾಡಿಯಿಂದ ಬೇರೆಯವರಿಗೆ ಆದ ಸಾವು, ಗಾಯ, ಆಸ್ತಿ ನಷ್ಟಕ್ಕೆ ಪರಿಹಾರ. ಸಾವು, ಗಾಯಕ್ಕೆ ಕೋರ್ಟು ಎಷ್ಟು ಹೇಳುತ್ತದೋ ಅಷ್ಟನ್ನೂ ಕಂಪನಿ ಕೊಡುತ್ತದೆ. ಆಸ್ತಿ ನಷ್ಟಕ್ಕೆ ಮಾತ್ರ ಮಿತಿ ಇದೆ: ಕಾರಿಗೆ 7.5 ಲಕ್ಷ, ದ್ವಿಚಕ್ರಕ್ಕೆ 1 ಲಕ್ಷ ರೂಪಾಯಿ. ನಿಮ್ಮದೇ ಗಾಡಿ ಜಜ್ಜಿಹೋದರೆ, ಕಳುವಾದರೆ, ನೀರಲ್ಲಿ ಮುಳುಗಿದರೆ ಒಂದು ಪೈಸೆಯೂ ಇಲ್ಲ. ಅದಕ್ಕೆ ಓನ್ ಡ್ಯಾಮೇಜ್ ಬೇಕು. ಎರಡೂ ಸೇರಿದ್ದನ್ನೇ ಜನ ಫುಲ್ ಇನ್ಶೂರೆನ್ಸ್ ಅನ್ನುವುದು.

ಹತ್ತು ಹನ್ನೆರಡು ವರ್ಷದ ಸ್ಕೂಟರ್‌ಗೆ ಬರೀ ಥರ್ಡ್ ಪಾರ್ಟಿ ಮಾಡಿಸಿದರೆ ನಡೆಯುತ್ತದೆ. ಸಾಲ ತೀರದ ಕಾರಿಗೆ ಹಾಗೆ ಮಾಡಬೇಡಿ. ಕಾರು ಹೋದರೂ ಕಂತು ನಿಲ್ಲುವುದಿಲ್ಲ.

ಮೂರು ವರ್ಷದ ಇನ್ಶೂರೆನ್ಸ್ ಕಟ್ಟಿದ್ದೇನೆ. ಈ ವರ್ಷ ಮತ್ತೆ ಯಾಕೆ ಕಟ್ಟಬೇಕು?

ಇದು ತುಂಬಾ ಜನ ಎಡವುವ ಜಾಗ. ಸುಪ್ರೀಂ ಕೋರ್ಟ್ ಆದೇಶದಂತೆ 2018ರ ಸೆಪ್ಟೆಂಬರ್ 1ರಿಂದ ಹೊಸ ಕಾರಿಗೆ ಮೂರು ವರ್ಷ, ಹೊಸ ದ್ವಿಚಕ್ರ ವಾಹನಕ್ಕೆ ಐದು ವರ್ಷದ ಥರ್ಡ್ ಪಾರ್ಟಿ ಕಡ್ಡಾಯ. ಆದರೆ ಓನ್ ಡ್ಯಾಮೇಜ್ ಸಾಮಾನ್ಯವಾಗಿ ಒಂದೇ ವರ್ಷದ್ದು ಇರುತ್ತದೆ. ಪಾಲಿಸಿ ತೆಗೆದು ನೋಡಿ, ಎರಡು ಬೇರೆ ಬೇರೆ ಮುಕ್ತಾಯದ ತಾರೀಖು ಕಾಣುತ್ತವೆ. ದೂರದ್ದು ಥರ್ಡ್ ಪಾರ್ಟಿಯದ್ದು, ಹತ್ತಿರದ್ದು ಓನ್ ಡ್ಯಾಮೇಜ್‌ನದ್ದು. ದೂರದ ತಾರೀಖು ನೋಡಿ ನಿಶ್ಚಿಂತೆಯಿಂದ ಇರುವವರಿಗೆ ಎರಡನೇ ವರ್ಷದಲ್ಲಿ ಗುದ್ದಿಸಿಕೊಂಡಾಗಲೇ ವಿಷಯ ಗೊತ್ತಾಗುವುದು. ಓನ್ ಡ್ಯಾಮೇಜ್ ಅನ್ನು ಬೇರೆ ಕಂಪನಿಯಿಂದಲೂ ತಗೊಳ್ಳಬಹುದು.

ಥರ್ಡ್ ಪಾರ್ಟಿ ಎಲ್ಲಿ ಅಗ್ಗ?

ಎಲ್ಲ ಕಡೆಯೂ ಒಂದೇ. ಅದರ ದರ ಗೊತ್ತುಮಾಡುವುದು ಕೇಂದ್ರ ಸರ್ಕಾರ. 2022ರ ಜೂನ್ 1ರಿಂದ ಜಾರಿಗೆ ಬಂದ ಅಧಿಸೂಚನೆಯಲ್ಲಿ 1000 ಸಿಸಿ ಒಳಗಿನ ಕಾರಿಗೆ ವರ್ಷಕ್ಕೆ 2,094, 1000ದಿಂದ 1500 ಸಿಸಿಗೆ 3,416, ಅದಕ್ಕೂ ಮೇಲಿನದಕ್ಕೆ 7,897 ರೂಪಾಯಿ ಇತ್ತು. 75ರಿಂದ 150 ಸಿಸಿ ಬೈಕಿಗೆ 714. ಇದರ ಮೇಲೆ ಜಿಎಸ್‌ಟಿ. ಎಲೆಕ್ಟ್ರಿಕ್ ಗಾಡಿಗೆ ಶೇ. 15 ರಿಯಾಯಿತಿ. ಚೌಕಾಸಿ ಏನಿದ್ದರೂ ಓನ್ ಡ್ಯಾಮೇಜ್ ಭಾಗದಲ್ಲಿ.

ಐಡಿವಿ ಕಡಿಮೆ ಇಟ್ಟರೆ ಪ್ರೀಮಿಯಂ ಉಳಿಯುತ್ತದಲ್ಲ?

ಸ್ವಲ್ಪ ಉಳಿಯುತ್ತದೆ. ಗಾಡಿ ಕಳುವಾದರೆ ಅಥವಾ ಪೂರ್ತಿ ನಾಶವಾದರೆ ಸಿಗುವ ಹೆಚ್ಚಿನ ಮೊತ್ತವೇ ಐಡಿವಿ. ಹಾಗಾಗಿ ಉಳಿಸಿದ ಕೆಲವು ನೂರು ರೂಪಾಯಿಗೆ ಹತ್ತಾರು ಸಾವಿರ ಬಿಟ್ಟುಕೊಟ್ಟ ಹಾಗಾಗುತ್ತದೆ. ಲೆಕ್ಕ ಹೀಗೆ: ತಯಾರಕರ ಈಗಿನ ಬೆಲೆಯಲ್ಲಿ ಆರು ತಿಂಗಳೊಳಗಿನ ಗಾಡಿಗೆ ಶೇ. 5 ಕಳೆಯುತ್ತಾರೆ, ಒಂದು ವರ್ಷದವರೆಗೆ 15, ಎರಡಕ್ಕೆ 20, ಮೂರಕ್ಕೆ 30, ನಾಲ್ಕಕ್ಕೆ 40, ಐದಕ್ಕೆ 50. ಅದಾದ ಮೇಲೆ ನೀವು ಮತ್ತು ಕಂಪನಿ ಮಾತಾಡಿ ಒಪ್ಪಿಕೊಂಡದ್ದು. ಆನ್‌ಲೈನ್‌ನಲ್ಲಿ ಅಗ್ಗದ ರೇಟು ಕಂಡರೆ ಮೊದಲು ಐಡಿವಿ ನೋಡಿ. ಗುಟ್ಟು ಬಹಳ ಸಲ ಅಲ್ಲೇ ಇರುತ್ತದೆ.

ಝೀರೋ ಡೆಪ್ (ಸವಕಳಿ ಕಳೆಯದ ಆಡ್-ಆನ್) ಬೇಕಾ?

ಮೊದಲ ಐದು ವರ್ಷ ಬೇಕು ಅಂತಲೇ ನನ್ನ ಅಭಿಪ್ರಾಯ. ಯಾಕೆಂದು ಒಂದು ಬಂಪರ್ ಹಿಡಿದು ನೋಡೋಣ. ಹೊಸ ಬಂಪರ್‌ಗೆ 8,000 ರೂಪಾಯಿ ಅಂದುಕೊಳ್ಳಿ. ಪ್ಲಾಸ್ಟಿಕ್, ರಬ್ಬರ್, ಟಯರ್, ಬ್ಯಾಟರಿಗೆಲ್ಲ ಮಾಮೂಲಿ ಪಾಲಿಸಿಯಲ್ಲಿ ಶೇ. 50 ಸವಕಳಿ ಕಳೆಯುತ್ತಾರೆ. ಉಳಿದದ್ದು 4,000. ಅದರಲ್ಲಿ 1500 ಸಿಸಿ ಒಳಗಿನ ಕಾರಿಗೆ 1,000 ರೂಪಾಯಿ ಕಡ್ಡಾಯವಾಗಿ ನಿಮ್ಮ ಪಾಲು. ಕೈಗೆ ಸಿಕ್ಕಿದ್ದು 3,000. ಇವತ್ತಿನ ಕಾರಿನ ಮುಂಭಾಗ ಪೂರ್ತಿ ಪ್ಲಾಸ್ಟಿಕ್ಕೇ ಅಲ್ವಾ? ಝೀರೋ ಡೆಪ್ ಇದ್ದರೆ ಆ ಅರ್ಧ ಕಳೆಯುವುದಿಲ್ಲ, 7,000 ಬರುತ್ತದೆ. ಗಾಜಿಗೆ ಹೇಗೂ ಸವಕಳಿ ಇಲ್ಲ. ವರ್ಷಕ್ಕೆ ಎಷ್ಟು ಸಲ ಝೀರೋ ಡೆಪ್ ಕ್ಲೇಮ್ ಮಾಡಬಹುದು ಎಂದು ಮಾತ್ರ ಕೇಳಿಕೊಳ್ಳಿ, ಕೆಲವು ಕಂಪನಿಗಳಲ್ಲಿ ಎರಡೇ ಸಲ.

ಸಣ್ಣ ಗೀರಿಗೂ ಕ್ಲೇಮ್ ಮಾಡಬೇಕಾ?

ಬಹುತೇಕ ಬೇಡ. ಕ್ಲೇಮ್ ಇಲ್ಲದ ವರ್ಷಗಳಿಗೆ ನೋ ಕ್ಲೇಮ್ ಬೋನಸ್ ಬರುತ್ತದೆ: ಓನ್ ಡ್ಯಾಮೇಜ್ ಪ್ರೀಮಿಯಂನಲ್ಲಿ ಮೊದಲು ಶೇ. 20, ಆಮೇಲೆ 25, 35, 45, ಕೊನೆಗೆ 50. ಒಂದು ಕ್ಲೇಮ್ ಮಾಡಿದರೆ ಮತ್ತೆ ಸೊನ್ನೆ. ಜನ ಲೆಕ್ಕ ಹಾಕುವುದು ಆ ಒಂದು ವರ್ಷದ ನಷ್ಟವನ್ನು ಮಾತ್ರ. ಆದರೆ 50ಕ್ಕೆ ವಾಪಸ್ ಏರಲು ಐದು ವರ್ಷ ಬೇಕು. ಈ ವರ್ಷ ಹೋದದ್ದು 50, ಮುಂದಿನ ವರ್ಷ 20 ಸಿಕ್ಕರೂ ಹೋದದ್ದು 30, ಆಮೇಲೆ 25, 15, 5. ಒಟ್ಟು ಶೇ. 125. ಬೋನಸ್ ಕಳೆಯುವ ಮುಂಚಿನ ಪ್ರೀಮಿಯಂ 8,000 ಇದ್ದು ಹಾಗೇ ಉಳಿಯಿತು ಅಂದುಕೊಂಡರೆ 10,000 ರೂಪಾಯಿ ಕೈಬಿಟ್ಟ ಹಾಗೆ. ಮೂರು ಸಾವಿರದ ಗೀರಿಗೆ ಇದು ಬೇಕಾ? ಬೋನಸ್ ಉಳಿಸುವ ಆಡ್-ಆನ್ ಇದ್ದವರ ಲೆಕ್ಕ ಬೇರೆ.

ಹಳೇ ಕಾರು ಮಾರಿದರೆ ಆ ಬೋನಸ್ ಕೊಂಡವರಿಗೆ ಹೋಗುತ್ತದಾ?

ಇಲ್ಲ, ಅದು ನಿಮ್ಮದು, ಕಾರಿನದ್ದಲ್ಲ. ಮಾರುವಾಗ ಕಂಪನಿಯಿಂದ ಬೋನಸ್ ಪತ್ರ ಬರೆಸಿಕೊಳ್ಳಿ. ಮೂರು ವರ್ಷದೊಳಗೆ ಕೊಂಡ ಬೇರೆ ಕಾರಿಗೆ ಬಳಸಬಹುದು. ಬೈಕಿನ ಬೋನಸ್ ಕಾರಿಗೆ ನಡೆಯುವುದಿಲ್ಲ.

ಪಾಲಿಸಿ ಮುಗಿದು ಒಂದು ವಾರ ಆಯ್ತು. ಏನಾಗುತ್ತದೆ?

ಮುಗಿದ ಗಳಿಗೆಯಿಂದ ನಿಮಗೆ ರಕ್ಷಣೆ ಇಲ್ಲ. ವಿನಾಯಿತಿಯ ದಿನಗಳು ಎಂಬುದು ಮೋಟಾರು ಇನ್ಶೂರೆನ್ಸ್‌ನಲ್ಲಿ ಇಲ್ಲ. 90 ದಿನದೊಳಗೆ ಮಾಡಿಸಿದರೆ ಬೋನಸ್ ಉಳಿಯುತ್ತದೆ, ಅದು ಬಿಟ್ಟರೆ ಆ 90 ದಿನಕ್ಕೆ ಬೇರೆ ಅರ್ಥವಿಲ್ಲ. ಓನ್ ಡ್ಯಾಮೇಜ್ ಕೊಡುವ ಮುಂಚೆ ಕಂಪನಿಯವರು ಗಾಡಿಯ ಫೋಟೋ, ವಿಡಿಯೋ ಕೇಳುತ್ತಾರೆ. ಇನ್ಶೂರೆನ್ಸ್ ಇಲ್ಲದೆ ಓಡಿಸಿ ಸಿಕ್ಕಿಬಿದ್ದರೆ ಮೊದಲ ಸಲ 2,000, ಮತ್ತೆ ಸಿಕ್ಕರೆ 4,000 ರೂಪಾಯಿ ದಂಡ, ಮೂರು ತಿಂಗಳವರೆಗೆ ಜೈಲೂ ಆಗಬಹುದು. ದಂಡ ಕಟ್ಟಿ ಮರೆಯಬಹುದು ಬಿಡಿ. ಯಾರಿಗಾದರೂ ಗುದ್ದಿದರೆ ಪರಿಹಾರದ ಲಕ್ಷಾಂತರ ರೂಪಾಯಿ ನಿಮ್ಮ ಮನೆ, ಜಮೀನಿನ ಮೇಲೆ ಬರುತ್ತದೆ.

ಓನರ್-ಡ್ರೈವರ್ ಪಿಎ ಕವರ್ ಅಂದರೇನು?

ಗಾಡಿಯ ಮಾಲೀಕರೇ ಓಡಿಸುವಾಗ ಅಪಘಾತದಲ್ಲಿ ತೀರಿಕೊಂಡರೆ ಮನೆಯವರಿಗೆ 15 ಲಕ್ಷ ರೂಪಾಯಿ. ಮುಂಚೆ ಬೈಕಿಗೆ 1 ಲಕ್ಷ, ಕಾರಿಗೆ 2 ಲಕ್ಷ ಇತ್ತು. ದುಃಖದ ವಿಷಯ ಏನೆಂದರೆ ಎಷ್ಟೋ ಮನೆಗಳಲ್ಲಿ ಇಂಥದ್ದೊಂದು ಇದೆ ಅಂತಲೇ ಗೊತ್ತಿರುವುದಿಲ್ಲ. ಪಾಲಿಸಿ ಕಾಗದ ಡ್ಯಾಶ್‌ಬೋರ್ಡ್‌ನಲ್ಲೇ ಉಳಿದು, ಗಾಡಿ ಗುಜರಿಗೆ ಹೋಗಿಬಿಡುತ್ತದೆ. ಇದು ಸಿಗಬೇಕಾದರೆ ಓಡಿಸುತ್ತಿದ್ದವರ ಹೆಸರೇ ಆರ್‌ಸಿ ಮತ್ತು ಪಾಲಿಸಿಯಲ್ಲಿರಬೇಕು, ಅವರಿಗೆ ಚಾಲ್ತಿ ಲೈಸೆನ್ಸ್ ಇರಬೇಕು. ಅಪ್ಪನ ಹೆಸರಲ್ಲಿರುವ ಬೈಕನ್ನು ಮಗ ದಿನಾ ಓಡಿಸುತ್ತಿದ್ದರೆ ಮಗನಿಗೆ ಈ ಕವರ್ ಇಲ್ಲ. ಪಾಲಿಸಿಯಲ್ಲಿ ನಾಮಿನಿ ಹೆಸರು ಸರಿಯಾಗಿದೆಯಾ ಎಂದು ಇವತ್ತೇ ನೋಡಿ, ಮನೆಯಲ್ಲಿ ಹೇಳಿಡಿ.

ಸ್ನೇಹಿತ ನನ್ನ ಗಾಡಿ ಓಡಿಸಿ ಗುದ್ದಿದರೆ?

ಅವನಿಗೆ ಆ ಬಗೆಯ ಗಾಡಿಯ ಲೈಸೆನ್ಸ್ ಇದ್ದು, ಕುಡಿದಿರದಿದ್ದರೆ ಕ್ಲೇಮ್‌ಗೆ ತೊಂದರೆ ಇಲ್ಲ. ಪಾಲಿಸಿ ಗಾಡಿಯ ಮೇಲಿರುತ್ತದೆ. ಲೈಸೆನ್ಸ್ ಇಲ್ಲದವರಿಗೆ ಗೊತ್ತಿದ್ದೂ ಕೀ ಕೊಟ್ಟರೆ ಓನ್ ಡ್ಯಾಮೇಜ್ ಹೋಯಿತು ಅಂತಲೇ ಲೆಕ್ಕ. ಪೆಟ್ಟಾದವರಿಗೆ ಕಂಪನಿ ಪರಿಹಾರ ಕೊಟ್ಟು, ಆಮೇಲೆ ಅದನ್ನು ನಿಮ್ಮಿಂದ ವಸೂಲಿ ಮಾಡಬಹುದು. ಹದಿನೆಂಟು ತುಂಬದ ಮಗನಿಗೆ ಕೊಟ್ಟಿದ್ದರಂತೂ ಪೋಷಕರಿಗೆ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು, ಗಾಡಿಯ ರಿಜಿಸ್ಟ್ರೇಷನ್ ಒಂದು ವರ್ಷ ರದ್ದು.

ಇದೇ ಸಾಲಿಗೆ ಸೇರುವ ಇನ್ನೊಂದು ಮಾತು. ಬಿಳಿ ಬೋರ್ಡಿನ ಕಾರನ್ನು ಬಾಡಿಗೆಗೆ ಓಡಿಸುವುದು, ಕೃಷಿಗೆ ಎಂದು ಇನ್ಶೂರ್ ಮಾಡಿಸಿದ ಟ್ರ್ಯಾಕ್ಟರ್‌ನಲ್ಲಿ ಮದುವೆ ದಿಬ್ಬಣ ಕರೆದುಕೊಂಡು ಹೋಗುವುದು, ಇವೆರಡೂ ಕ್ಲೇಮ್ ತಿರಸ್ಕರಿಸಲು ಕಂಪನಿಯ ಕೈಗೆ ನಾವೇ ಕೊಡುವ ಕಾರಣಗಳು.

ಕ್ಲೇಮ್ ಮಾಡುವಾಗ

ಅಪಘಾತ ಆದ ಕೂಡಲೇ ಏನು ಮಾಡಬೇಕು?

ಗಾಯಗೊಂಡವರನ್ನು ಆಸ್ಪತ್ರೆಗೆ ಸೇರಿಸುವುದೇ ಮೊದಲ ಕೆಲಸ. ಆಮೇಲೆ ಫೋಟೋ ತೆಗೆಯಿರಿ, ಗಾಡಿ ಇದ್ದ ಜಾಗ, ಎದುರಿನ ಗಾಡಿಯ ನಂಬರ್ ಸಮೇತ. ಯಾರಿಗಾದರೂ ಪೆಟ್ಟಾಗಿದ್ದರೆ ಪೊಲೀಸರಿಗೆ ತಿಳಿಸಲೇಬೇಕು. ಅಲ್ಲೇ ರಸ್ತೆಯಲ್ಲಿ ರಾಜಿ ಮಾಡಿಕೊಂಡು ಐದೋ ಹತ್ತೋ ಸಾವಿರ ಕೊಟ್ಟರೂ ನಾಳೆ ಕೇಸು ಬರುವುದು ತಪ್ಪುವುದಿಲ್ಲ. ಇನ್ಶೂರೆನ್ಸ್ ಕಂಪನಿಗೆ ಅವತ್ತೇ ತಿಳಿಸಿ ಕ್ಲೇಮ್ ನಂಬರ್ ತಗೊಳ್ಳಿ. ನಷ್ಟ ಅಂದಾಜು ಮಾಡುವ ಸರ್ವೇಯರ್ ನೋಡುವ ಮುಂಚೆ ಗ್ಯಾರೇಜಿನವರು ಬಿಚ್ಚಲು ಶುರು ಮಾಡದಿರಲಿ.

ಮಳೆ ನೀರಲ್ಲಿ ಕಾರು ಮುಳುಗಿತ್ತು. ಸ್ಟಾರ್ಟ್ ಮಾಡಿ ನೋಡಲಾ?

ದಯವಿಟ್ಟು ಬೇಡ. 2022ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಬೆಳ್ಳಂದೂರು, ಹೊರವರ್ತುಲ ರಸ್ತೆ ಕಡೆ ನೆಲಮಾಳಿಗೆಗಳಲ್ಲಿ ಕಾರುಗಳು ಮುಳುಗಿದ್ದು ನೆನಪಿರಬಹುದು. ಇಂಥ ಕಡೆ ನೀರು ಗಾಳಿಯ ಕೊಳವೆಯಿಂದ ಸಿಲಿಂಡರ್‌ಗೆ ಇಳಿದಿರುತ್ತದೆ. ಗಾಳಿಯನ್ನು ಪಿಸ್ಟನ್ ಒತ್ತಬಲ್ಲದು, ನೀರನ್ನು ಒತ್ತಲಾರದು. ಕೀ ತಿರುಗಿಸಿದ ಕೂಡಲೇ ಕನೆಕ್ಟಿಂಗ್ ರಾಡ್ ಬಾಗುತ್ತದೆ, ಇಂಜಿನ್ ಹೋಗುತ್ತದೆ. ಕಂಪನಿಯವರು ಆಗ ಹೇಳುವುದು ಇಷ್ಟು: ನೀರು ತುಂಬಿದ್ದಕ್ಕೆ ಕೊಡುತ್ತೇವೆ, ನೀವು ಸ್ಟಾರ್ಟ್ ಮಾಡಿ ಕೆಡಿಸಿದ್ದಕ್ಕೆ ಕೊಡುವುದಿಲ್ಲ. ಇಂಜಿನ್ ಪ್ರೊಟೆಕ್ಟ್ ಆಡ್-ಆನ್ ಇರುವುದು ಇದಕ್ಕೇ. ಅದಿಲ್ಲದಿದ್ದರೆ ಬ್ಯಾಟರಿ ತಂತಿ ಬಿಚ್ಚಿ, ನೀರು ಎಲ್ಲಿಯವರೆಗೆ ಬಂದಿತ್ತು ಅನ್ನುವ ಕೆಸರಿನ ಗೆರೆಯ ಫೋಟೋ ತೆಗೆದು, ಟೋ ಮಾಡಿಸಿ.

ಗಾಡಿ ಕಳುವಾದರೆ?

ತಕ್ಷಣ ಪೊಲೀಸ್ ದೂರು, ಎಫ್‌ಐಆರ್ ಪ್ರತಿ, ಕಂಪನಿಗೆ ಮಾಹಿತಿ, ಆರ್‌ಟಿಓಗೂ ಒಂದು ಪತ್ರ. ಎರಡೂ ಕೀ ಕೇಳುತ್ತಾರೆ, ಆದ್ದರಿಂದ ಎರಡನೇ ಕೀ ಎಲ್ಲಿದೆ ಅಂತ ಈಗಲೇ ಹುಡುಕಿಡಿ. ಪತ್ತೆಯಾಗಲಿಲ್ಲ ಎಂದು ಪೊಲೀಸರು ಸಿ ರಿಪೋರ್ಟ್ ಹಾಕಿದ ಮೇಲೆ ದುಡ್ಡು ಬರುವುದು, ಅದಕ್ಕೆ ತಿಂಗಳುಗಳು ಹಿಡಿಯುತ್ತವೆ. ಎಫ್‌ಐಆರ್ ಕೂಡಲೇ ಆಗಿದ್ದರೆ, ಕಂಪನಿಗೆ ತಡವಾಗಿ ತಿಳಿಸಿದ್ದೊಂದೇ ಕಾರಣಕ್ಕೆ ಕ್ಲೇಮ್ ತಿರಸ್ಕರಿಸುವಂತಿಲ್ಲ ಎಂದು 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಅದು ವಾದಕ್ಕೆ ಇರಲಿ, ನೀವು ಅವತ್ತೇ ಫೋನ್ ಮಾಡಿ.

ಟೋಟಲ್ ಲಾಸ್ ಅಂತ ಯಾವಾಗ ಹೇಳುತ್ತಾರೆ?

ರಿಪೇರಿ ಖರ್ಚು ಐಡಿವಿಯ ಶೇ. 75 ದಾಟಿದರೆ. ಸಾಲ ಇದ್ದರೆ ಹಣ ಮೊದಲು ಬ್ಯಾಂಕಿಗೆ, ಉಳಿದದ್ದು ನಿಮಗೆ.

ಕ್ಲೇಮ್ ತಿರಸ್ಕರಿಸಿದರು. ಮುಂದೆ?

ಕಾರಣವನ್ನು ಬರವಣಿಗೆಯಲ್ಲಿ ಕೇಳಿ. ಕಂಪನಿಯ ದೂರು ವಿಭಾಗಕ್ಕೆ ಬರೆಯಿರಿ. 30 ದಿನದಲ್ಲಿ ಉತ್ತರ ಬರದಿದ್ದರೆ ಅಥವಾ ಬಂದದ್ದು ಸರಿಯಿಲ್ಲದಿದ್ದರೆ ವಿಮಾ ಒಂಬುಡ್ಸ್‌ಮನ್‌ಗೆ (ಇಂಥ ದೂರು ತೀರ್ಮಾನಿಸುವ ಅಧಿಕಾರಿಗೆ) ಹೋಗಬಹುದು. ಬೆಂಗಳೂರಿನಲ್ಲೇ ಕಚೇರಿ ಇದೆ, ಶುಲ್ಕವಿಲ್ಲ, ವಕೀಲರೂ ಬೇಡ, 50 ಲಕ್ಷ ರೂಪಾಯಿವರೆಗಿನ ವ್ಯಾಜ್ಯ ನೋಡುತ್ತಾರೆ. ಕಂಪನಿಯ ಕೊನೆಯ ಉತ್ತರ ಬಂದ ಒಂದು ವರ್ಷದೊಳಗೆ ಹೋಗಬೇಕು. ಗ್ರಾಹಕ ಆಯೋಗದ ದಾರಿಯೂ ತೆರೆದಿರುತ್ತದೆ.

ಮಾರಾಟ, ಹೆಸರು ಬದಲಾವಣೆ

ಗಾಡಿ ಮಾರಿ ದುಡ್ಡು ತಗೊಂಡಾಯ್ತು. ನನ್ನ ಜವಾಬ್ದಾರಿ ಮುಗೀತಲ್ವಾ?

ಆರ್‌ಸಿಯಲ್ಲಿ ನಿಮ್ಮ ಹೆಸರು ಇರುವವರೆಗೆ ಮುಗಿದಿಲ್ಲ. ಈ ಇಡೀ ಪುಟದಲ್ಲಿ ಒಂದೇ ಉತ್ತರ ಓದುವುದಾದರೆ ಇದನ್ನು ಓದಿ.

2018ರಲ್ಲಿ ಸುಪ್ರೀಂ ಕೋರ್ಟ್ ತೀರ್ಮಾನಿಸಿದ ನವೀನ್ ಕುಮಾರ್ ಪ್ರಕರಣದಲ್ಲಿ ಮಾಲೀಕರು ಕಾರನ್ನು 2007ರಲ್ಲೇ ಮಾರಿದ್ದರು. ಅದು ಒಬ್ಬರಿಂದ ಒಬ್ಬರಿಗೆ ಕೈ ಬದಲಾಗುತ್ತಾ ಹೋಯಿತು. 2009ರಲ್ಲಿ ಅಪಘಾತ ಮಾಡಿತು. ಆರ್‌ಸಿ ಮಾತ್ರ ಮೊದಲಿನವರ ಹೆಸರಲ್ಲೇ ಇತ್ತು. ಕೋರ್ಟು ಪರಿಹಾರದ ಹೊಣೆ ಹೊರಿಸಿದ್ದು ಆ ಮೊದಲಿನವರ ಮೇಲೆ. ಆರ್‌ಸಿಯಲ್ಲಿ ಯಾರ ಹೆಸರಿದೆಯೋ ಕಾಯ್ದೆಯ ಪ್ರಕಾರ ಅವರೇ ಮಾಲೀಕರು, ಪೆಟ್ಟಾದವರು ಆಮೇಲಿನ ಮಾರಾಟಗಳ ಜಾಡು ಹಿಡಿದು ಅಲೆಯುವಂತಾಗಬಾರದು ಎಂಬುದು ಕಾರಣ.

ಆದ್ದರಿಂದ ಸ್ಟಾಂಪ್ ಪೇಪರ್ ಮೇಲೆ ಬರೆಸಿಕೊಂಡ ಒಪ್ಪಂದ ನಂಬಿ ಕೂರಬೇಡಿ. ಹೆಸರು ಬದಲಾವಣೆಯ ಫಾರಂ 29 ಮತ್ತು 30 ಅನ್ನು ಆರ್‌ಟಿಓಗೆ ಸಲ್ಲಿಸಬೇಕು. ರಾಜ್ಯದೊಳಗಿನ ಮಾರಾಟವಾದರೆ ಮಾರಿದವರು 14 ದಿನದಲ್ಲಿ, ಹೊರ ರಾಜ್ಯದವರಿಗಾದರೆ 45 ದಿನದಲ್ಲಿ ತಿಳಿಸಬೇಕು. ಕೊಂಡವರಿಗೆ 30 ದಿನ. ಖಾಲಿ ಫಾರಂಗೆ ಸಹಿ ಹಾಕಿ ಕೊಡುವ ಅಭ್ಯಾಸ ಬಿಡಿ. ಮಾರಿದ ಮೇಲೆ ಒಂದು ತಿಂಗಳು ಬಿಟ್ಟು ಎಂಪರಿವಾಹನ್ ಆಪ್‌ನಲ್ಲಿ ನಂಬರ್ ಹಾಕಿ ನೋಡಿ. ಇನ್ನೂ ನಿಮ್ಮ ಹೆಸರೇ ಬರುತ್ತಿದ್ದರೆ ಕೊಂಡವರಿಗೆ ಅವತ್ತೇ ಫೋನ್ ಮಾಡಿ.

ಎಕ್ಸ್‌ಚೇಂಜ್‌ಗೆ ಡೀಲರ್‌ಗೆ ಕೊಟ್ಟರೆ?

2023ರ ಏಪ್ರಿಲ್‌ನಿಂದ ನಿಯಮ ಬಂದಿದೆ. ಹಳೇ ಗಾಡಿ ಮಾರುವ ಡೀಲರ್ ಆರ್‌ಟಿಓ ಅನುಮತಿ ಪಡೆದಿರಬೇಕು. ಗಾಡಿ ಅವರ ಕೈಗೆ ಕೊಟ್ಟದ್ದನ್ನು ಫಾರಂ 29ಸಿಯಲ್ಲಿ ಪೋರ್ಟಲ್‌ನಲ್ಲಿ ದಾಖಲಿಸಿದರೆ ಅಲ್ಲಿಂದಾಚೆ ಡೀಲರೇ ಮಾಲೀಕರ ಲೆಕ್ಕ. ಅದರ ಪ್ರತಿ ಕೇಳಿ ಪಡೆಯಿರಿ. ಅನುಮತಿ ಇಲ್ಲದ ಬ್ರೋಕರ್ ಆದರೆ ಮೇಲಿನ ಉತ್ತರವೇ ನಿಮಗೂ.

ಸೆಕೆಂಡ್ ಹ್ಯಾಂಡ್ ಗಾಡಿ ತಗೊಂಡೆ. ಇನ್ಶೂರೆನ್ಸ್ ಇನ್ನೂ ಎಂಟು ತಿಂಗಳು ಇದೆ. ಸಾಕಾ?

ಥರ್ಡ್ ಪಾರ್ಟಿ ಭಾಗ ಗಾಡಿಯ ಜೊತೆ ತಾನಾಗಿ ನಿಮಗೆ ಬರುತ್ತದೆ. ಓನ್ ಡ್ಯಾಮೇಜ್ ಬರುವುದಿಲ್ಲ. 14 ದಿನದೊಳಗೆ ಕಂಪನಿಗೆ ಅರ್ಜಿ ಕೊಟ್ಟು ಪಾಲಿಸಿಯನ್ನು ನಿಮ್ಮ ಹೆಸರಿಗೆ ಮಾಡಿಸಿಕೊಳ್ಳಬೇಕು. ಹಳೇ ಮಾಲೀಕರ ಬೋನಸ್ ಎಷ್ಟಿತ್ತೋ ಆ ವ್ಯತ್ಯಾಸ ಕಟ್ಟಬೇಕಾಗುತ್ತದೆ. ಆರ್‌ಸಿ ನಿಮ್ಮ ಹೆಸರಿಗೆ ಬಂದು ಪಾಲಿಸಿ ಹಳಬರ ಹೆಸರಲ್ಲೇ ಇದ್ದರೆ, ಕ್ಲೇಮ್ ಬಂದಾಗ ಹಳಬರಿಗೆ ಗಾಡಿ ಇಲ್ಲ, ನಿಮಗೆ ಪಾಲಿಸಿ ಇಲ್ಲ.

ಕೊಳ್ಳುವ ಮುಂಚೆ ಆರ್‌ಟಿಓನಿಂದ ಬಿ ಎಕ್ಸ್‌ಟ್ರಾಕ್ಟ್ ತೆಗೆಸಿ. ಸಾಲ, ತೆರಿಗೆ, ಎಷ್ಟನೇ ಮಾಲೀಕರು, ಎಲ್ಲ ಅದರಲ್ಲಿ ಇರುತ್ತದೆ. ಟ್ರಾಫಿಕ್ ದಂಡ ಬಾಕಿ ಎಷ್ಟಿದೆ ಎಂದೂ ನೋಡಿ. ಚಾಸಿಸ್ ನಂಬರ್ ಅನ್ನು ಕಾಗದದಲ್ಲಿ ಮಾತ್ರವಲ್ಲ, ಗಾಡಿಯ ಮೇಲೆ ಬಗ್ಗಿ ನೋಡಿ ಓದಿ.

ಸಾಲ ತೀರಿತು. ಇನ್ನೇನು ಮಾಡಬೇಕು?

ಬ್ಯಾಂಕಿನಿಂದ ಎನ್‌ಒಸಿ (ಆಕ್ಷೇಪಣೆ ಇಲ್ಲ ಎಂಬ ಪತ್ರ) ಮತ್ತು ಫಾರಂ 35 ತಗೊಂಡು ಎಚ್‌ಪಿ (ಆರ್‌ಸಿಯಲ್ಲಿರುವ ಸಾಲದ ನಮೂದು) ಕ್ಯಾನ್ಸಲ್ ಮಾಡಿಸಿ. ಬ್ಯಾಂಕಿನ ಪತ್ರಕ್ಕೆ ಸಾಮಾನ್ಯವಾಗಿ ಅವಧಿ ಇರುತ್ತದೆ, ಬೀರುವಿನಲ್ಲಿಟ್ಟು ಮರೆಯಬೇಡಿ. ಪಾಲಿಸಿಯಿಂದಲೂ ಬ್ಯಾಂಕಿನ ಹೆಸರು ತೆಗೆಸಿ.

ಅಪ್ಪ ತೀರಿಕೊಂಡರು. ಗಾಡಿ ಅವರ ಹೆಸರಲ್ಲೇ ಇದೆ. ಓಡಿಸಬಹುದಾ?

ಮೂರು ತಿಂಗಳು ಓಡಿಸಬಹುದು. ಆದರೆ 30 ದಿನದೊಳಗೆ ಆರ್‌ಟಿಓಗೆ ತಿಳಿಸಬೇಕು, ಮೂರು ತಿಂಗಳೊಳಗೆ ಫಾರಂ 31ರಲ್ಲಿ ವಾರಸುದಾರರ ಹೆಸರಿಗೆ ಅರ್ಜಿ ಹಾಕಬೇಕು. ಮರಣ ಪ್ರಮಾಣಪತ್ರ, ವಂಶವೃಕ್ಷ, ಉಳಿದ ವಾರಸುದಾರರ ಒಪ್ಪಿಗೆ ಬೇಕಾಗುತ್ತದೆ. ಪಾಲಿಸಿಯೂ ಮೂರು ತಿಂಗಳು ಅಥವಾ ಅದರ ಮುಕ್ತಾಯದ ದಿನ, ಯಾವುದು ಮೊದಲೋ ಅಲ್ಲಿಯವರೆಗೆ ಮಾತ್ರ ನಡೆಯುತ್ತದೆ. ಆಮೇಲೆ ತೀರಿಹೋದವರ ಹೆಸರಿನಲ್ಲೇ ಆನ್‌ಲೈನ್‌ನಲ್ಲಿ ಪ್ರೀಮಿಯಂ ಕಟ್ಟುತ್ತಾ ಹೋಗುವವರು ತುಂಬಾ ಜನ ಇದ್ದಾರೆ. ದುಡ್ಡು ತಗೊಳ್ಳುತ್ತದೆ, ಪಾಲಿಸಿಯೂ ಬರುತ್ತದೆ. ಕ್ಲೇಮ್ ಮಾಡಲು ಹೋದಾಗ ಗೊತ್ತಾಗುತ್ತದೆ. 2021ರಿಂದ ಆರ್‌ಸಿಯಲ್ಲಿ ನಾಮಿನಿ ಹೆಸರು ಸೇರಿಸುವ ಅವಕಾಶ ಇದೆ. ಸೇರಿಸಿಟ್ಟರೆ ಮನೆಯವರಿಗೆ ಈ ಓಡಾಟ ಎಷ್ಟೋ ಕಡಿಮೆಯಾಗುತ್ತದೆ.

ಬೇರೆ ರಾಜ್ಯದ ಗಾಡಿಯನ್ನು ಇಲ್ಲಿ ಎಷ್ಟು ದಿನ ಓಡಿಸಬಹುದು?

ಕೇಂದ್ರ ಕಾಯ್ದೆಯ ಪ್ರಕಾರ 12 ತಿಂಗಳಿಗಿಂತ ಹೆಚ್ಚು ಇಲ್ಲೇ ಇಟ್ಟುಕೊಂಡರೆ ಕೆಎ ನಂಬರ್ ಮಾಡಿಸಬೇಕು. ಮೂಲ ಆರ್‌ಟಿಓನಿಂದ ಫಾರಂ 28ರಲ್ಲಿ ಎನ್‌ಒಸಿ, ಇಲ್ಲಿ ಗಾಡಿಯ ವಯಸ್ಸು ನೋಡಿ ತೆರಿಗೆ. ಅಲ್ಲಿ ಕಟ್ಟಿದ ತೆರಿಗೆಯ ಉಳಿದ ಭಾಗವನ್ನು ವಾಪಸ್ ಕೇಳಬಹುದು, ಆದರೆ ಮೊದಲು ಇಲ್ಲಿ ಪೂರ್ತಿ ಕಟ್ಟಬೇಕು, ಆಮೇಲೆ ಅಲ್ಲಿ ಅರ್ಜಿ ಹಾಕಬೇಕು. ತಪಾಸಣೆಗೆ ಸಿಕ್ಕಾಗ ಟೋಲ್ ರಸೀದಿಯೋ ಸರ್ವಿಸ್ ಬಿಲ್ಲೋ ಇದ್ದರೆ ಗಾಡಿ ಯಾವಾಗ ರಾಜ್ಯಕ್ಕೆ ಬಂತು ಎಂದು ತೋರಿಸಲು ಅನುಕೂಲ.

ಗಾಡಿಗೆ 15 ವರ್ಷ ಆಯ್ತು. ಗುಜರಿಗೆ ಹಾಕಬೇಕಾ?

ಕರ್ನಾಟಕದಲ್ಲಿ ಹಾಗೇನಿಲ್ಲ. ದೆಹಲಿಯಲ್ಲಿ ಹಳೇ ಗಾಡಿಗಳ ನಿಷೇಧದ ಸುದ್ದಿ ಓದಿ ಗಾಬರಿಯಾಗಬೇಡಿ. ಸ್ವಂತ ಬಳಕೆಯ ಗಾಡಿಯ ಆರ್‌ಸಿ 15 ವರ್ಷಕ್ಕೆ ಮುಗಿಯುತ್ತದೆ, ಗಾಡಿ ಚೆನ್ನಾಗಿದ್ದರೆ ಎಫ್‌ಸಿ (ಗಾಡಿ ಓಡಲು ಯೋಗ್ಯ ಎಂಬ ತಪಾಸಣೆ) ಮಾಡಿಸಿ ಐದೈದು ವರ್ಷಕ್ಕೆ ನವೀಕರಿಸಬಹುದು. ಫಾರಂ 25, ಗ್ರೀನ್ ಟ್ಯಾಕ್ಸ್, ಎಮಿಷನ್, ಇನ್ಶೂರೆನ್ಸ್ ಬೇಕು. 2022ರ ಏಪ್ರಿಲ್‌ನಿಂದ ನವೀಕರಣ ಶುಲ್ಕವನ್ನು ಬೈಕಿಗೆ 1,000, ಕಾರಿಗೆ 5,000 ರೂಪಾಯಿಗೆ ಏರಿಸಿದರು. ತೀರಾ ಹಳೆಯವಕ್ಕೆ ಇನ್ನೂ ಜಾಸ್ತಿ. ಮುಗಿಯುವ ಎರಡು ತಿಂಗಳ ಮೊದಲಿಂದಲೇ ಅರ್ಜಿ ಹಾಕಬಹುದು. ಗುಜರಿಗೇ ಹಾಕುವುದಾದರೆ ನೋಂದಾಯಿತ ಸ್ಕ್ರ್ಯಾಪ್ ಕೇಂದ್ರಕ್ಕೆ ಕೊಟ್ಟು ಪ್ರಮಾಣಪತ್ರ ತಗೊಳ್ಳಿ, ಆರ್‌ಸಿ ರದ್ದು ಮಾಡಿಸಿ. ಮೂಲೆಯ ಗುಜರಿ ಅಂಗಡಿಗೆ ಹಾಕಿದ ಗಾಡಿಯ ನಂಬರ್ ನಾಳೆ ಯಾವ ಗಾಡಿಯ ಮೇಲೆ ಕೂರುತ್ತದೋ ಹೇಳಲಾಗದು.

ಆರ್‌ಸಿ ಕಳೆದುಹೋಗಿದೆ. ಫೋನಿನಲ್ಲಿರುವುದು ಸಾಕಾ?

ಪೊಲೀಸರಿಗೆ ತೋರಿಸಲು ಸಾಕು. ಡಿಜಿಲಾಕರ್ ಅಥವಾ ಎಂಪರಿವಾಹನ್‌ನಲ್ಲಿ ಇರುವುದಕ್ಕೆ ಮೂಲ ದಾಖಲೆಯಷ್ಟೇ ಮಾನ್ಯತೆ ಇದೆ. ಗ್ಯಾಲರಿಯಲ್ಲಿರುವ ಫೋಟೋಗೆ ಇಲ್ಲ. ಗಾಡಿ ಮಾರುವಾಗ ಕಾರ್ಡೇ ಬೇಕಾಗುತ್ತದೆ, ಹಾಗಾಗಿ ಕಳೆದದ್ದಕ್ಕೆ ಪೊಲೀಸ್ ದೂರು ಕೊಟ್ಟು ಫಾರಂ 26ರಲ್ಲಿ ಡೂಪ್ಲಿಕೇಟ್‌ಗೆ ಅರ್ಜಿ ಹಾಕಿ. ಸಾಲ ಇದ್ದರೆ ಆ ಅರ್ಜಿಗೆ ಬ್ಯಾಂಕಿನವರ ಸಹಿಯೂ ಬೇಕು.